ಕದ್ದ ಧಾಟಿಯೋ, ಕಿವಿಯಲ್ಲಿ ಉಳಿದ ಧಾಟಿಯೋ?

1976ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ವಕೀಲರೂ ಸಂಗೀತತಜ್ಞರೂ ಸೇರಿ ಎರಡು ಹಾಡುಗಳ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು. ಕಟಕಟೆ ಹತ್ತಿದವರು ಬೀಟಲ್ಸ್ ತಂಡದ ಗಿಟಾರ್ ವಾದಕರಾಗಿದ್ದ ಜಾರ್ಜ್ ಹ್ಯಾರಿಸನ್. ಆರೋಪಕ್ಕೆ ಗುರಿಯಾದದ್ದು ಅವರ 'ಮೈ ಸ್ವೀಟ್ ಲಾರ್ಡ್' ಎಂಬ ಭಕ್ತಿಗೀತೆ. ದೇವರನ್ನು ಕಾಣಬೇಕೆಂದು ಹಂಬಲಿಸುವ ಈ ಹಾಡಿನಲ್ಲಿ ಹಿಮ್ಮೇಳದವರು ಮೊದಲು 'ಹಲ್ಲೆಲೂಯ' ಎನ್ನುತ್ತಾರೆ. ಸ್ವಲ್ಪ ಹೊತ್ತಿನಲ್ಲೇ, ಕೇಳುಗರಿಗೆ ಗೊತ್ತೇ ಆಗದಂತೆ, 'ಹರೇ ಕೃಷ್ಣ'ಕ್ಕೆ ಹೊರಳಿಕೊಳ್ಳುತ್ತಾರೆ. ಕೊನೆಯಲ್ಲಿ ನಮ್ಮ ಮಕ್ಕಳು ಶಾಲೆಯಲ್ಲಿ ಹೇಳುವ ಗುರುವಂದನೆಯ ಶ್ಲೋಕವೂ ಕೇಳಿಬರುತ್ತದೆ. ಇಂಥ ಹಾಡು ಕದ್ದ ಮಾಲು ಎಂದರೆ ನಂಬುವುದು ಹೇಗೆ? ಅದೂ, ಚೆಲುವ ಹುಡುಗನೊಬ್ಬನನ್ನು ಹೇಗಾದರೂ ತನ್ನವನನ್ನಾಗಿ ಮಾಡಿಕೊಳ್ಳುತ್ತೇನೆಂದು ಹುಡುಗಿಯೊಬ್ಬಳು ಹಾಡುವ ಹಾಡಿನಿಂದ?

'ಹೀ ಈಸ್ ಸೋ ಫೈನ್' ಎಂಬ ಆ ಹಾಡನ್ನು ಬರೆದವರು ರಾನಿ ಮ್ಯಾಕ್ ಎಂಬ ತರುಣ. ಹಾಡಿದವರು ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ 'ಚಿಫಾನ್ಸ್' ಎಂಬ ಹುಡುಗಿಯರ ತಂಡ. 1963ರಲ್ಲಿ ಅದು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ಮ್ಯಾಕ್ ಕಾಯಿಲೆಯಿಂದ ತೀರಿಕೊಂಡರು. ಹಾಡಿನ ಹಕ್ಕು 'ಬ್ರೈಟ್ ಟ್ಯೂನ್ಸ್' ಎಂಬ ಪ್ರಕಾಶನ ಸಂಸ್ಥೆಯ ಬಳಿ ಉಳಿಯಿತು. ಏಳು ವರ್ಷ ಕಳೆದು, 1970ರ ಕೊನೆಗೆ ಹ್ಯಾರಿಸನ್ನರ ಹಾಡು ಹೊರಬಂದು ದೇಶದೇಶಗಳ ರೇಡಿಯೋಗಳಲ್ಲಿ ಮೊಳಗತೊಡಗಿದಾಗ ಹಳೆಯ ಹಾಡು ನೆನಪಿದ್ದವರ ಕಿವಿ ನಿಮಿರಿತು. 1971ರ ಫೆಬ್ರವರಿಯಲ್ಲಿ ದಾವೆ ದಾಖಲಾಯಿತು.

ಎರಡು ಹಾಡುಗಳ ನಡುವೆ ಇದ್ದ ಹೋಲಿಕೆ ಎಂಥದು? ನಮ್ಮ ಸ್ವರಗಳ ಲೆಕ್ಕದಲ್ಲಿ ಹೇಳುವುದಾದರೆ ಮೊದಲ ತುಣುಕು ಪ-ಗ-ರಿ ಎಂಬ ಮೂರೇ ಸ್ವರಗಳದು. ಎರಡನೆಯದು ಪ-ದ-ಸ-ದ-ಸ. ಎರಡೂ ತೀರಾ ಸಾಮಾನ್ಯವಾದ ತುಣುಕುಗಳು. ಯಾವ ಭಜನೆಯಲ್ಲಿ, ಯಾವ ಜೋಗುಳದಲ್ಲಿ ಹುಡುಕಿದರೂ ಸಿಕ್ಕಾವು. ಆದರೆ ಚಿಫಾನ್ಸ್ ಹಾಡಿನಲ್ಲಿ ಮೊದಲ ತುಣುಕು ನಾಲ್ಕು ಬಾರಿ ಬಂದು, ಅದರ ಬೆನ್ನಿಗೆ ಎರಡನೆಯದು ನಾಲ್ಕು ಬಾರಿ ಬರುತ್ತದೆ. ಹ್ಯಾರಿಸನ್ನರ ಹಾಡಿನಲ್ಲೂ ಮೊದಲನೆಯದು ನಾಲ್ಕು ಬಾರಿ, ಎರಡನೆಯದು ಮೂರು ಬಾರಿ. ನಾಲ್ಕನೆಯ ಬಾರಿಯ ಜಾಗದಲ್ಲಿ ಅಷ್ಟೇ ಉದ್ದದ ಬೇರೊಂದು ಸಾಲು. ಎರಡನೆಯ ತುಣುಕಿನ ಒಂದು ಆವೃತ್ತಿಯಲ್ಲಿ ಕಿರಿದಾದ ಒಂದು ಅನುಸ್ವರ ಇಣುಕಿ ಹೋಗುತ್ತದೆ. ಆ ಇಣುಕು ಕೂಡ ಎರಡೂ ಹಾಡುಗಳಲ್ಲಿ ಒಂದೇ ಬಗೆಯದು. ಇಟ್ಟಿಗೆ ಎಲ್ಲರ ಮನೆಗೂ ಒಂದೇ ಗೂಡಿನಿಂದ ಬಂದಿರಬಹುದು, ಆದರೆ ಬಾಗಿಲು ಕಿಟಕಿಗಳ ಜಾಗವೂ ಒಂದೇ ಆಗಿದ್ದರೆ ಪ್ರಶ್ನೆ ಏಳುತ್ತದಲ್ಲ, ಹಾಗೆ.

ಹ್ಯಾರಿಸನ್ನರ ಕಥೆಯೂ ಪ್ರಾಮಾಣಿಕವಾಗಿಯೇ ಇತ್ತು. 1969ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಪತ್ರಿಕಾಗೋಷ್ಠಿಯೊಂದರ ನಡುವೆ ಮೆಲ್ಲನೆ ಎದ್ದುಹೋಗಿ, ಗಿಟಾರಿನ ಮೇಲೆ ಎರಡು ಕಾರ್ಡ್‌ಗಳನ್ನು ನುಡಿಸುತ್ತ 'ಹಲ್ಲೆಲೂಯ', 'ಹರೇ ಕೃಷ್ಣ' ಎಂದು ಗುನುಗಿಕೊಂಡದ್ದು. ಆಮೇಲೆ ಗೆಳೆಯರು ದನಿಗೂಡಿಸಿದ್ದು. ಲಂಡನ್ನಿಗೆ ಮರಳಿದ ಮೇಲೆ ಬಿಲ್ಲಿ ಪ್ರೆಸ್ಟನ್ ಜೊತೆ ಅದನ್ನು ಬೆಳೆಸಿದ್ದು. ಅವರ ಮನಸ್ಸಿನಲ್ಲಿದ್ದ ಮಾದರಿಯೆಂದರೆ ಎಡ್ವಿನ್ ಹಾಕಿನ್ಸ್ ತಂಡದ 'ಓ ಹ್ಯಾಪಿ ಡೇ'. ಅದು ಹದಿನೆಂಟನೇ ಶತಮಾನದ ಕ್ರೈಸ್ತ ಸ್ತುತಿಗೀತೆಯೊಂದರ ಹೊಸ ರೂಪ. ಮೂಲ ಯಾರ ಸೊತ್ತೂ ಅಲ್ಲ. ಅಂದರೆ ಹ್ಯಾರಿಸನ್ ಒಂದು ಪ್ರಭಾವವನ್ನು ಒಪ್ಪಿಕೊಂಡರು. ಆದರೆ ಅವರು ಹೆಸರಿಸಿದ ಹಾಡು ಬೇರೆ.

ತೀರ್ಪು ಕೊಡಬೇಕಾಗಿದ್ದ ರಿಚರ್ಡ್ ಓವೆನ್ ಸ್ವತಃ ಸಂಗೀತಗಾರರು, ಆಪೆರಾಗಳನ್ನು ರಚಿಸಿದವರು. ಹಾಡು ಹುಟ್ಟುವ ಬಗೆ ಅವರಿಗೆ ಗೊತ್ತಿತ್ತು. ಬಹುಶಃ ಅದಕ್ಕೇ ಅವರ ತೀರ್ಪು ಅಷ್ಟು ವಿಚಿತ್ರವಾಗಿ, ಅಷ್ಟು ಮಾನವೀಯವಾಗಿ ಬಂತು. ಹ್ಯಾರಿಸನ್ ಬೇಕೆಂದು ಕದಿಯಲಿಲ್ಲ ಎಂದು ಅವರು ನಂಬಿದರು. ಆದರೂ ಇದು ನಕಲೇ ಎಂದರು. 1963ರಲ್ಲಿ ಚಿಫಾನ್ಸ್ ಹಾಡು ಇಂಗ್ಲೆಂಡಿನ ಜನಪ್ರಿಯ ಪಟ್ಟಿಯಲ್ಲಿದ್ದಾಗ ಅದೇ ಪಟ್ಟಿಯಲ್ಲಿ ಬೀಟಲ್ಸ್ ಹಾಡೂ ಇತ್ತು. ಹ್ಯಾರಿಸನ್ ಅದನ್ನು ಕೇಳಿದ್ದರು. ಸ್ವರಗಳನ್ನು ತಡಕಾಡುತ್ತಿದ್ದಾಗ ಈ ಜೋಡಣೆ ಕೇಳುಗರಿಗೆ ಹಿಡಿಸುತ್ತದೆ ಎಂದು ಅವರ ಒಳಮನಸ್ಸಿಗೆ ಗೊತ್ತಿತ್ತು, ಎಚ್ಚರದ ಮನಸ್ಸಿಗೆ ಗೊತ್ತಿರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಸುಪ್ತಮನಸ್ಸಿನ ನಕಲು ಕೂಡ ನಕಲು.

ಈ ತತ್ತ್ವ ಓವೆನ್ನರ ಸ್ವಂತ ಶೋಧವೇನಲ್ಲ. 1924ರಲ್ಲೇ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಅವರು ಬ್ರಾಡ್‌ವೇ ಸಂಗೀತಗಾರ ಜೆರೋಮ್ ಕರ್ನ್ ವಿರುದ್ಧದ ಮೊಕದ್ದಮೆಯಲ್ಲಿ ಇಂಥದೇ ಮಾತು ಹೇಳಿ 250 ಡಾಲರ್ ದಂಡ ಹಾಕಿದ್ದರು. ಅದೇ ಹ್ಯಾಂಡ್ ಮುಂದೆ ಇನ್ನೊಂದು ಮೊಕದ್ದಮೆಯಲ್ಲಿ, ಕೀಟ್ಸ್ ಕವಿತೆಯನ್ನು ಎಂದೂ ಓದದವನೊಬ್ಬ ಯಾವುದೋ ಮಾಯೆಯಿಂದ ಅದನ್ನೇ ಅಕ್ಷರಶಃ ಬರೆದರೆ ಅವನೂ ಕರ್ತೃವೇ ಎಂದರು. ಎರಡನ್ನೂ ಸೇರಿಸಿದರೆ ಅಮೆರಿಕದ ಕಾನೂನಿನ ನಿಲುವು ಸಿಗುತ್ತದೆ: ಆಕಸ್ಮಿಕ ಹೋಲಿಕೆ ಅಪರಾಧವಲ್ಲ, ಮರೆತ ನೆನಪು ಮಾತ್ರ ಅಪರಾಧ. ಆದ್ದರಿಂದಲೇ ಇಂಥ ಮೊಕದ್ದಮೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಎರಡನೆಯವನಿಗೆ ಮೊದಲ ಹಾಡನ್ನು ಕೇಳುವ ಅವಕಾಶ ಇತ್ತೇ? ಹೋಲಿಕೆ ಗಣನೀಯವಾಗಿದೆಯೇ? ಮೊದಲ ಪ್ರಶ್ನೆಗೆ ರೇಡಿಯೋ ಯುಗದಲ್ಲಿ 'ಇಲ್ಲ' ಎಂದು ಉತ್ತರಿಸುವುದು ಕಷ್ಟ. ಹಾಡನ್ನು ಯಾರೂ ಆರಿಸಿ ಕೇಳುವುದಿಲ್ಲ. ಅದು ಹೋಟೆಲಿನಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯ ಕಿಟಕಿಯಿಂದ ತಾನಾಗಿ ಬಂದು ಸೇರುತ್ತದೆ.

ಹ್ಯಾರಿಸನ್ನರ ಜೊತೆಗಾರ ಪಾಲ್ ಮೆಕಾರ್ಟ್ನಿಗೂ ಇದೇ ಭಯ ಕಾಡಿತ್ತು. 'ಯೆಸ್ಟರ್‌ಡೇ' ಹಾಡಿನ ಧಾಟಿ ಅವರಿಗೆ ಕನಸಿನಲ್ಲಿ ಬಂತು. ಇಷ್ಟು ಸಲೀಸಾಗಿ ಬಂದದ್ದು ತನ್ನದಾಗಿರಲಾರದು ಎನ್ನಿಸಿ ಅವರು ಸಿಕ್ಕಸಿಕ್ಕವರ ಮುಂದೆ ನುಡಿಸಿ, ಇದು ಯಾರ ಹಾಡು ಗೊತ್ತೇ ಎಂದು ಕೇಳುತ್ತ ಅಲೆದರು. ಯಾರೂ ಗುರುತಿಸಲಿಲ್ಲ. ಕಳೆದುಹೋದ ವಸ್ತುವನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ವಾರಸುದಾರ ಬರದಿದ್ದಾಗ ಮನೆಗೆ ತಂದಂತೆ ಆ ಹಾಡು ಅವರದಾಗಿ 1965ರಲ್ಲಿ ಹೊರಬಂತು. ಹ್ಯಾರಿಸನ್ ಹಾಗೆ ಕೇಳುತ್ತ ಅಲೆಯಲಿಲ್ಲ. ಇಬ್ಬರ ನಡುವೆ ಇದ್ದ ವ್ಯತ್ಯಾಸ ಅಷ್ಟೇ ಎನ್ನಬೇಕು. ಮೊಕದ್ದಮೆಯ ಬಳಿಕ ಹೊಸ ಹಾಡು ಬರೆಯಲು ಕೂರುವುದೇ ಕಷ್ಟವಾಯಿತೆಂದು ಹ್ಯಾರಿಸನ್ ಹೇಳಿಕೊಂಡದ್ದುಂಟು. ರೇಡಿಯೋ ಹಾಕಿದರೆ ಪ್ರತಿಯೊಂದು ಹಾಡೂ ಮತ್ತೊಂದರಂತೆ ಕೇಳಿಸುತ್ತಿತ್ತಂತೆ. 1976ರಲ್ಲಿ ಅವರು ಈ ಪ್ರಸಂಗವನ್ನೇ ಗೇಲಿ ಮಾಡುವ 'ದಿಸ್ ಸಾಂಗ್' ಎಂಬ ಹಾಡು ಬರೆದು ಸೇಡು ತೀರಿಸಿಕೊಂಡರು.

ಇನ್ನು ಹಣದ ಕಥೆ. ಪರಿಹಾರದ ಮೊತ್ತವನ್ನು ನ್ಯಾಯಾಲಯ 15,99,987 ಡಾಲರ್ ಎಂದು ಲೆಕ್ಕಹಾಕಿತು. ಇದನ್ನು ಪಡೆಯಬೇಕಾದವರು ಯಾರು? ಮ್ಯಾಕ್ ತೀರಿಕೊಂಡು ವರ್ಷಗಳೇ ಆಗಿದ್ದವು. 1978ರಲ್ಲಿ ಬ್ರೈಟ್ ಟ್ಯೂನ್ಸ್‌ನಿಂದ ಹಾಡಿನ ಹಕ್ಕನ್ನು 5,87,000 ಡಾಲರಿಗೆ ಕೊಂಡವರು ಅಲೆನ್ ಕ್ಲೈನ್. ಈ ಕ್ಲೈನ್ ಬೇರೆ ಯಾರೂ ಅಲ್ಲ. ದಾವೆ ಆರಂಭವಾದಾಗ ಹ್ಯಾರಿಸನ್ನರ ವ್ಯವಹಾರ ನೋಡಿಕೊಳ್ಳುತ್ತ, ಅವರ ಪರವಾಗಿ ಎದುರಾಳಿಗಳೊಡನೆ ಮಾತುಕತೆ ನಡೆಸುತ್ತಿದ್ದ ಮ್ಯಾನೇಜರ್! ಈಗ ಅವರೇ ಎದುರು ಪಕ್ಷ. 1981ರಲ್ಲಿ ಓವೆನ್ ಈ ನಡತೆಯನ್ನು ಒಪ್ಪದೆ, ಕ್ಲೈನ್ ಕೊಟ್ಟ 5,87,000 ಡಾಲರನ್ನಷ್ಟೇ ಹ್ಯಾರಿಸನ್ ಕೊಟ್ಟು ಹಕ್ಕನ್ನು ಪಡೆಯಲಿ ಎಂದರು. ಜಗಳ 1990ರ ದಶಕದವರೆಗೂ ಎಳೆಯಿತು. ಕದ್ದವನೆಂದು ಹೆಸರಾದವನು, ಕಳೆದುಕೊಂಡವನು, ದುಡ್ಡು ಎಣಿಸಿದವನು ಮೂವರೂ ಬೇರೆ ಬೇರೆ ಎಂಬುದು ರಾಕ್ ಸಂಗೀತದ ಕೃತಿಚೌರ್ಯದ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ರಾಕ್ ಹಾಡುಗಳು ಒಂದರಂತೆ ಒಂದು ಕೇಳಿಸುವುದಕ್ಕೆ ಅವುಗಳ ಕಟ್ಟಡದಲ್ಲೇ ಕಾರಣವಿದೆ. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟಿದಾಗ ಹುಟ್ಟುವ ನಾದಗುಚ್ಛಕ್ಕೆ ಕಾರ್ಡ್ ಎನ್ನುತ್ತಾರೆ. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದಲ್ಲಿ ಇಂಥ ಮೂರೇ ಕಾರ್ಡ್‌ಗಳನ್ನು ಹನ್ನೆರಡು ಆವರ್ತಗಳಲ್ಲಿ ಹಂಚುವ ಚೌಕಟ್ಟೊಂದು ಬೆಳೆಯಿತು. ಮೊದಲ ನಾಲ್ಕು ಆವರ್ತ ಷಡ್ಜದ ಕಾರ್ಡ್, ಆಮೇಲೆ ಎರಡು ಮಧ್ಯಮದ್ದು, ಮತ್ತೆ ಎರಡು ಷಡ್ಜದ್ದು, ಕೊನೆಗೆ ಪಂಚಮವನ್ನು ಮುಟ್ಟಿ ಮಧ್ಯಮದ ಮೂಲಕ ಷಡ್ಜಕ್ಕೆ ಇಳಿಯುವುದು. 1950ರ ದಶಕದ ರಾಕ್ ಅಂಡ್ ರೋಲ್ ಹಾಡುಗಳಲ್ಲಿ ಎಷ್ಟೋ ಈ ಒಂದೇ ಅಚ್ಚಿನಿಂದ ಬಂದವು. ನಾಲ್ಕು ಪೆಟ್ಟಿನ ತಾಳ, ಮೂರು ನಿಮಿಷದ ಅಳತೆ, ಪುರುಷ ಕಂಠಕ್ಕೆ ಒಗ್ಗುವ ಎಂಟು ಹತ್ತು ಸ್ವರಗಳ ಹರವು. ಇಷ್ಟು ಇಕ್ಕಟ್ಟಾದ ಅಂಗಳದಲ್ಲಿ ಸಾವಿರಾರು ಜನ ಕುಣಿದರೆ ಒಬ್ಬರ ಕಾಲಿಗೆ ಒಬ್ಬರ ಕಾಲು ತಾಗದೆ ಇದ್ದೀತೆ?

ಡೇಮಿಯನ್ ರೀಲ್ ಎಂಬ ವಕೀಲ ಮತ್ತು ನೋವಾ ರೂಬಿನ್ ಎಂಬ ಪ್ರೋಗ್ರಾಮರ್ ಈ ಇಕ್ಕಟ್ಟನ್ನು ಲೆಕ್ಕದಲ್ಲೇ ತೋರಿಸಹೊರಟರು. ಎಂಟು ಸ್ವರಗಳನ್ನು ಹನ್ನೆರಡು ಸ್ಥಾನಗಳಲ್ಲಿ ಜೋಡಿಸುವ ಎಲ್ಲ ಬಗೆಗಳನ್ನೂ ಕಂಪ್ಯೂಟರಿನಿಂದ ಬರೆಸಿ, 2020ರ ವೇಳೆಗೆ ಅವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಒಟ್ಟು ಸುಮಾರು 6,872 ಕೋಟಿ ಧಾಟಿಗಳು. ಸಂಖ್ಯೆ ದೊಡ್ಡದೆನಿಸಬಹುದು. ಆದರೆ ಮನುಷ್ಯ ಲಾಟರಿ ಎತ್ತಿ ಹಾಡು ಕಟ್ಟುವುದಿಲ್ಲ. ಗಂಟಲು ಒಂದು ಸ್ವರದಿಂದ ಪಕ್ಕದ ಸ್ವರಕ್ಕೆ ಸರಿಯಲು ಇಷ್ಟಪಡುತ್ತದೆ, ಕಿವಿ ಪುನರಾವರ್ತನೆಯನ್ನು ಬಯಸುತ್ತದೆ. ಹೀಗೆ ಸೋಸಿದ ಮೇಲೆ ನಾಲಿಗೆಯ ಮೇಲೆ ನಿಲ್ಲುವ ಧಾಟಿಗಳು ಎಷ್ಟೋ ಕಡಿಮೆ. ಆಕಸ್ಮಿಕ ಎನ್ನುವ ವಾದವನ್ನು ಸುಮ್ಮನೆ ನಗುತ್ತ ತಳ್ಳಿಹಾಕುವಂತಿಲ್ಲ.

ಕನ್ನಡದ ಓದುಗರಿಗೆ ಇದು ತೀರಾ ಹೊಸ ಸಮಸ್ಯೆಯೂ ಅಲ್ಲ. ಒಬ್ಬರು ಕಲ್ಯಾಣಿಯಲ್ಲಿ ಕೀರ್ತನೆ ರಚಿಸಿದರೆಂದು ಮತ್ತೊಬ್ಬರು ಆ ರಾಗಕ್ಕೆ ಕೈಹಾಕಬಾರದೆಂದು ಯಾರೂ ಹೇಳಲಿಲ್ಲ. ರಾಗ ಎಲ್ಲರದು, ಕೀರ್ತನೆ ಒಬ್ಬರದು, ಅದರ ಕೊನೆಗೆ ಅವರ ಅಂಕಿತ. ಹಳೆಯ ಹಾಡಿನ ಪುಸ್ತಕಗಳಲ್ಲಿ, ನಾಟಕದ ಪದಗಳ ನೆತ್ತಿಯ ಮೇಲೆ 'ಇಂಥ ಹಾಡಿನ ಮಟ್ಟು' ಎಂದು ಅಚ್ಚಾಗಿರುತ್ತಿತ್ತು. ಧಾಟಿಯನ್ನು ಎರವಲು ಪಡೆದದ್ದು ನಾಚಿಕೆಯ ವಿಷಯವಲ್ಲ, ಎಲ್ಲಿಂದ ಎಂದು ಹೇಳಿದರೆ ಸಾಕು. ರಾಕ್ ಸಂಗೀತದಲ್ಲಿ ಕೈತಪ್ಪಿದ್ದು ಈ ಒಂದು ಸಾಲು.

ಬ್ಲೂಸ್ ಗಾಯಕರೂ ಧಾಟಿಗಳನ್ನು, ಚರಣಗಳನ್ನು ಧಾರಾಳವಾಗಿ ಒಬ್ಬರಿಂದೊಬ್ಬರು ಪಡೆಯುತ್ತಿದ್ದರು. ಮಿಸಿಸಿಪ್ಪಿಯ ಹತ್ತಿಯ ಹೊಲದ ಅಂಚಿನಲ್ಲಿ ಹಾಡುವವರೆಗೂ ಇದರಿಂದ ಯಾರಿಗೂ ನಷ್ಟವಿರಲಿಲ್ಲ. ರೆಕಾರ್ಡ್ ಕಂಪನಿ ಬಂತು, ತಟ್ಟೆಯ ಮೇಲಿನ ಕಾಗದದಲ್ಲಿ ಕರ್ತೃವಿನ ಹೆಸರು ಅಚ್ಚಾಯಿತು, ಪ್ರತಿಯೊಂದು ತಟ್ಟೆಗೆ ಇಂತಿಷ್ಟೆಂದು ರಾಯಲ್ಟಿ ಆ ಹೆಸರಿಗೆ ಹೋಗತೊಡಗಿತು. ಆಗ ಹೆಸರು ಬಿಡುವುದೆಂದರೆ ಜೇಬಿಗೆ ಕೈಹಾಕಿದಂತೆಯೇ ಆಯಿತು.

ಚಕ್ ಬೆರಿ ಇದರ ಎರಡೂ ಬದಿಗಳನ್ನು ಕಂಡವರು. ಅವರ 'ಸ್ವೀಟ್ ಲಿಟಲ್ ಸಿಕ್ಸ್‌ಟೀನ್' (1958) ಧಾಟಿಗೆ ಹೊಸ ಮಾತು ಕೂಡಿಸಿ ಬೀಚ್ ಬಾಯ್ಸ್ ತಂಡ 1963ರಲ್ಲಿ 'ಸರ್ಫಿನ್ ಯು.ಎಸ್.ಎ.' ಹಾಡಿತು. ಹಕ್ಕು ಬೆರಿಯ ಪ್ರಕಾಶಕರಿಗೆ ಹೋಯಿತು, ಮುಂದೆ ಬೆರಿಯ ಹೆಸರೂ ಸೇರಿತು. ಬೀಟಲ್ಸ್‌ನ 'ಕಮ್ ಟುಗೆದರ್' (1969) ಅವರ 'ಯು ಕಾಂಟ್ ಕ್ಯಾಚ್ ಮಿ' (1956) ಹಾಡನ್ನು ನೆನಪಿಸುತ್ತದೆಂದು ಅದರ ಹಕ್ಕುದಾರ ಮಾರಿಸ್ ಲೆವಿ ದಾವೆ ಹೂಡಿದರು. ಜಾನ್ ಲೆನನ್ ರಾಜಿ ಮಾಡಿಕೊಂಡು, ಲೆವಿಗೆ ಸೇರಿದ ಬೇರೆ ಹಾಡುಗಳನ್ನು ತಾನು ಹಾಡುವುದಾಗಿ ಒಪ್ಪಿದರು. ಆದರೆ ಬೆರಿ ತಾವೇ ಎಲ್ಲಿಂದ ಪಡೆದರು? 'ಜಾನಿ ಬಿ. ಗುಡ್' (1958) ಹಾಡಿನ ಆರಂಭದ ಗಿಟಾರ್ ತುಣುಕು ಲೂಯಿ ಜೋರ್ಡನ್ ತಂಡದ 1946ರ ರೆಕಾರ್ಡೊಂದರಲ್ಲಿ ಕಾರ್ಲ್ ಹೋಗನ್ ನುಡಿಸಿದ ತುಣುಕೇ. ಹೋಗನ್ನರ ಋಣವನ್ನು ಬೆರಿ ಬಾಯಿಬಿಟ್ಟು ಹೇಳುತ್ತಿದ್ದರು. 1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಕಳಿಸಿದ ಚಿನ್ನದ ತಟ್ಟೆಯಲ್ಲಿ ಈ ಹಾಡೂ ಇದೆ, ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಭೂಮಿಯ ಪರಿಚಯಕ್ಕೆಂದು ಆರಿಸಿದ ರಾಕ್ ಹಾಡಿನ ಮೊದಲ ಕೆಲವು ಕ್ಷಣಗಳೇ ಎರವಲು ತಂದವು!

ಲೆಡ್ ಜೆಪ್ಲಿನ್ ತಂಡದ ಕಥೆಯಲ್ಲಿ ಇಂಥ ಔದಾರ್ಯ ಕಾಣುವುದಿಲ್ಲ. 1969ರಲ್ಲಿ ಬಂದ ಅವರ 'ಹೋಲ್ ಲಾಟಾ ಲವ್' ಹಾಡಿನ ಮಾತುಗಳಲ್ಲಿ ಬಹುಪಾಲು, ಷಿಕಾಗೋದ ವಿಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ 'ಯು ನೀಡ್ ಲವ್' ಹಾಡಿನವು. ಗಿಟಾರಿನ ಗುಡುಗು ಮಾತ್ರ ಜಿಮ್ಮಿ ಪೇಜ್ ಅವರ ಸ್ವಂತದ್ದು, ಅದನ್ನು ಯಾರೂ ಅಲ್ಲಗಳೆಯಲಾರರು. ತಟ್ಟೆಯ ಮೇಲೆ ತಂಡದ ನಾಲ್ವರ ಹೆಸರಿತ್ತು, ಡಿಕ್ಸನ್ ಹೆಸರಿರಲಿಲ್ಲ. ಡಿಕ್ಸನ್ 1985ರಲ್ಲಿ ದಾವೆ ಹೂಡಿದರು, 1987ರಲ್ಲಿ ರಾಜಿಯಾಯಿತು, ಹೆಸರು ಸೇರಿತು. ಆಗ ಡಿಕ್ಸನ್ನರಿಗೆ ಎಪ್ಪತ್ತು ದಾಟಿತ್ತು. ಅದೇ ತಂಡದ 'ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್' 1969ರಲ್ಲಿ ಪೇಜ್ ಒಬ್ಬರ ಹೆಸರಿನಲ್ಲಿ ಬಂತು. ಆದರೆ ಅದೇ ಶೀರ್ಷಿಕೆಯ ಹಾಡನ್ನು ಜೇಕ್ ಹೋಮ್ಸ್ ಎಂಬ ಗಾಯಕ 1967ರಲ್ಲೇ ಪ್ರಕಟಿಸಿದ್ದರು. ಪೇಜ್ ಆಗ ಇದ್ದ ಯಾರ್ಡ್‌ಬರ್ಡ್ಸ್ ತಂಡದ ನ್ಯೂಯಾರ್ಕ್ ಕಛೇರಿಯಲ್ಲಿ ಅವರಿಗಿಂತ ಮುಂಚೆ ಹಾಡಿದವರು ಈ ಹೋಮ್ಸ್. 2010ರಲ್ಲಿ ಅವರು ದಾವೆ ಹೂಡಿ ರಾಜಿಯಾದ ಮೇಲೆ, ನಂತರದ ಪ್ರಕಟಣೆಗಳಲ್ಲಿ ಅವರಿಂದ ಪ್ರೇರಿತ ಎಂಬ ಸಾಲು ಕಾಣಿಸಿಕೊಂಡಿತು. ಇಂಥ ಸಂದರ್ಭಗಳಲ್ಲಿ ಪ್ರಭಾವ, ಸುಪ್ತಮನಸ್ಸು ಎಂಬ ಮಾತುಗಳು ನಿಲ್ಲುವುದಿಲ್ಲ. ಶೀರ್ಷಿಕೆಯೂ ಆಕಸ್ಮಿಕವಾಗಿ ಹೊಳೆಯುವುದುಂಟೆ?

ಹೀಗೆ ಹೆಸರು ಕೆಡಿಸಿಕೊಂಡ ತಂಡದ ಮೇಲೆ ಇನ್ನೊಂದು ಆರೋಪ ಬಂದಾಗ ಜನ ತಟ್ಟನೆ ನಂಬಿದ್ದು ಸಹಜ. ರಾಕ್ ಪ್ರಿಯರಿಗೆ ದೇವಸ್ಥಾನದಂತಿರುವ 'ಸ್ಟೇರ್‌ವೇ ಟು ಹೆವನ್' (1971) ಹಾಡಿನ ಆರಂಭದ ಗಿಟಾರ್ ನಡೆ, ಸ್ಪಿರಿಟ್ ತಂಡದ ರ‍್ಯಾಂಡಿ ಕ್ಯಾಲಿಫೋರ್ನಿಯ 1968ರಲ್ಲಿ ಪ್ರಕಟಿಸಿದ 'ಟಾರಸ್' ಎಂಬ ಪುಟ್ಟ ವಾದ್ಯಕೃತಿಯಂತೆಯೇ ಇದೆ ಎಂಬುದು ಆ ಆರೋಪ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದವರು ಬೆಚ್ಚುವುದು ನಿಜ. 1968ರ ಕೊನೆಯಲ್ಲಿ ಎರಡೂ ತಂಡಗಳು ಒಂದೇ ವೇದಿಕೆಯ ಮೇಲೆ ನುಡಿಸಿದ್ದವು. ಕ್ಯಾಲಿಫೋರ್ನಿಯ ತಾವು ಬದುಕಿದ್ದಾಗ ದಾವೆ ಹೂಡಲಿಲ್ಲ. 1997ರ ಜನವರಿಯಲ್ಲಿ ಹವಾಯಿಯ ಸಮುದ್ರದಲ್ಲಿ ಸೆಳವಿಗೆ ಸಿಕ್ಕ ಮಗನನ್ನು ಉಳಿಸಹೋಗಿ ಅವರು ಮುಳುಗಿ ತೀರಿಕೊಂಡರು. 2014ರಲ್ಲಿ ಅವರ ಸೊತ್ತಿನ ಟ್ರಸ್ಟಿನ ಪರವಾಗಿ ಮೊಕದ್ದಮೆ ಬಂತು.

ಇಲ್ಲಿ ಕಿವಿಯ ಸಾಕ್ಷ್ಯವನ್ನಷ್ಟೇ ನಂಬಿದರೆ ತಪ್ಪುದಾರಿ ಹಿಡಿದಂತೆ. ಎರಡರಲ್ಲೂ ಇರುವ ಹೋಲಿಕೆಯ ಜೀವಾಳ ಮೆಟ್ಟಿಲಿಳಿಯುವ ಒಂದು ಸಾಲು: ತಾರ ಷಡ್ಜದಿಂದ ಕಾಕಲಿ ನಿಷಾದ, ಕೈಶಿಕಿ ನಿಷಾದ, ಚತುಶ್ರುತಿ ಧೈವತ, ಶುದ್ಧ ಧೈವತ. ಒಂದೊಂದೇ ಅರ್ಧಸ್ವರ ಕೆಳಕ್ಕೆ ಜಾರುವ ಈ ನಡೆ ಯುರೋಪಿನಲ್ಲಿ ಶೋಕದ ಹಳೆಯ ಗುರುತು. ಹದಿನೇಳನೇ ಶತಮಾನದ ಕೊನೆಯಲ್ಲಿ ಹೆನ್ರಿ ಪರ್ಸೆಲ್ ತಮ್ಮ ಆಪೆರಾದಲ್ಲಿ ಸಾಯಹೊರಟ ರಾಣಿ ಡೈಡೋಳ ವಿಲಾಪದ ಅಡಿಯಲ್ಲಿ ಇಂಥದೇ ಸಾಲನ್ನು ಹರಿಸಿದ್ದಾರೆ. 1964ರ 'ಮೇರಿ ಪಾಪಿನ್ಸ್' ಚಿತ್ರದ ಹೊಗೆಗೂಡು ಗುಡಿಸುವವನ ಹಾಡಿನಲ್ಲೂ ಅದು ಬರುತ್ತದೆ. ಪೇಜ್ ಮಾಡಿದ್ದು ಇಳಿಯುವ ಈ ಸಾಲಿಗೆ ಎದುರಾಗಿ ಮೇಲಕ್ಕೆ ಹತ್ತುವ ಇನ್ನೊಂದು ಸಾಲನ್ನು ಹೆಣೆದದ್ದು, ಅದರ ಮೇಲೆ ಎಂಟು ನಿಮಿಷದ ಗೋಪುರ ಕಟ್ಟಿದ್ದು. 2016ರಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ, ಪೇಜ್ ಮತ್ತು ಗಾಯಕ ರಾಬರ್ಟ್ ಪ್ಲಾಂಟ್ ಇಬ್ಬರಿಗೂ 'ಟಾರಸ್' ಕೇಳುವ ಅವಕಾಶ ಇತ್ತು ಎಂದು ಒಪ್ಪಿಯೂ, ಕಾನೂನು ಬಯಸುವಷ್ಟು ಹೋಲಿಕೆ ಇಲ್ಲ ಎಂದಿತು. 2018ರಲ್ಲಿ ಮೇಲ್ಮನವಿ ಪೀಠ ಮರುವಿಚಾರಣೆಗೆ ಹೇಳಿತು. 2020ರ ಮಾರ್ಚಿನಲ್ಲಿ ಅದೇ ನ್ಯಾಯಾಲಯದ ವಿಸ್ತೃತ ಪೀಠ ಜ್ಯೂರಿಯ ಮಾತನ್ನೇ ಎತ್ತಿಹಿಡಿಯಿತು. ಸ್ವಾರಸ್ಯವೆಂದರೆ ಜ್ಯೂರಿ ಹೋಲಿಕೆಗೆ ಬಳಸಬೇಕಾದದ್ದು ಸ್ಪಿರಿಟ್ ತಂಡದ ರೆಕಾರ್ಡನ್ನಲ್ಲ. ಆ ಕಾಲದ ಕಾನೂನಿನಂತೆ ಹಕ್ಕು ಇದ್ದದ್ದು ಸರ್ಕಾರಕ್ಕೆ ಸಲ್ಲಿಸಿದ್ದ ಸ್ವರಲಿಪಿಯ ಕಾಗದಕ್ಕೆ ಮಾತ್ರ. ಓದಿ ಬರೆದು ರೂಢಿಯಿಲ್ಲದೆ ಕೈಯಿಂದ ಕೈಗೆ ಹಾಡು ಕಟ್ಟಿದವರಿಗೆ ಈ ನಿಯಮ ಎಷ್ಟು ನ್ಯಾಯ ಒದಗಿಸೀತು ಎಂಬ ಪ್ರಶ್ನೆ ಹಾಗೇ ಉಳಿದಿದೆ. ತೀರ್ಪಂತೂ ಸರಿಯಾದದ್ದೇ. ಮೆಟ್ಟಿಲನ್ನು ಯಾರೂ ಸ್ವಂತ ಮಾಡಿಕೊಳ್ಳಲಾಗದು.

ಈ ಜಗಳಗಳ ಅತಿ ತಮಾಷೆಯ ಅಂಚಿಗೆ ಹೋಗಿ ನಿಂತವರು ಜಾನ್ ಫೋಗರ್ಟಿ. ಕ್ರೀಡೆನ್ಸ್ ತಂಡದಲ್ಲಿದ್ದಾಗ 1970ರಲ್ಲಿ ಬರೆದ 'ರನ್ ಥ್ರೂ ದ ಜಂಗಲ್' ಹಾಡಿನ ಹಕ್ಕು ಅವರ ಹಳೆಯ ಕಂಪನಿ ಫ್ಯಾಂಟಸಿಯ ಕೈಯಲ್ಲಿತ್ತು. ಅವರು 1980ರ ದಶಕದ ನಡುವೆ 'ದ ಓಲ್ಡ್ ಮ್ಯಾನ್ ಡೌನ್ ದ ರೋಡ್' ಹಾಡಿದಾಗ ಫ್ಯಾಂಟಸಿ ದಾವೆ ಹೂಡಿತು: ಫೋಗರ್ಟಿ ಫೋಗರ್ಟಿಯಿಂದ ಕದ್ದಿದ್ದಾರೆ! 1988ರಲ್ಲಿ ಅವರು ಗಿಟಾರ್ ಹಿಡಿದೇ ಸಾಕ್ಷಿಕಟ್ಟೆ ಹತ್ತಿ, ತಮ್ಮ ಕೈ ಸಹಜವಾಗಿ ಹೇಗೆ ಓಡುತ್ತದೆಂದು ಜ್ಯೂರಿಗೆ ನುಡಿಸಿ ತೋರಿಸಿ ಗೆದ್ದರು. ವಕೀಲರ ಖರ್ಚಿನ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1994ರಲ್ಲಿ ಅಲ್ಲೂ ಅವರ ಪರವಾಗಿಯೇ ನಿಂತಿತು. ಬೈರಾಗಿಯ ಜೋಳಿಗೆಯಂತೆ ಕಲಾವಿದನ ಶೈಲಿ ಅವನ ಹೆಗಲ ಮೇಲೇ ಇರುತ್ತದೆ. ಹಳೆಯ ಮನೆ ಬಿಟ್ಟು ಬಂದನೆಂದು ಅದನ್ನು ಅಲ್ಲಿಯೇ ಇಟ್ಟು ಬರಲಾದೀತೆ?

ಆದರೆ 2015ರಲ್ಲಿ ಗಾಳಿ ಇನ್ನೊಂದು ದಿಕ್ಕಿಗೆ ತಿರುಗಿತು. 'ಬ್ಲರ್ಡ್ ಲೈನ್ಸ್' (2013) ಹಾಡು ಮಾರ್ವಿನ್ ಗೇ ಅವರ 1977ರ 'ಗಾಟ್ ಟು ಗಿವ್ ಇಟ್ ಅಪ್' ಹಾಡಿನ ನಕಲೆಂದು ಜ್ಯೂರಿ ಹೇಳಿತು. ಹೋಲಿಕೆ ಧಾಟಿಯಲ್ಲಿರುವುದಕ್ಕಿಂತ ಹಾಡಿನ ಲಯದ ಓಘದಲ್ಲಿ, ಒಟ್ಟು ಕಳೆಯಲ್ಲಿ ಇತ್ತು. ಪರಿಹಾರ 50 ಲಕ್ಷ ಡಾಲರ್ ದಾಟಿತು. 2018ರಲ್ಲಿ ಮೇಲ್ಮನವಿಯೂ ಬಿತ್ತು. ಕಳೆಯೇ ಒಬ್ಬರ ಸೊತ್ತಾದರೆ ಬ್ಲೂಸ್ ಯಾರದು, ರಾಕ್ ಯಾರದು? ಭಯಬಿದ್ದ ಹಾಡುಗಾರರು ದಾವೆ ಬರುವ ಮುಂಚೆಯೇ ಹಳಬರ ಹೆಸರು ಸೇರಿಸತೊಡಗಿದರು. ಎಡ್ ಶೀರನ್ 2023ರಲ್ಲಿ ನ್ಯೂಯಾರ್ಕಿನ ಜ್ಯೂರಿಯ ಮುಂದೆ, ಫೋಗರ್ಟಿಯಂತೆಯೇ ಗಿಟಾರ್ ನುಡಿಸಿ, ನಾಲ್ಕು ಕಾರ್ಡ್‌ಗಳ ಸಾಲು ಯಾರಪ್ಪನ ಮನೆಯದೂ ಅಲ್ಲವೆಂದು ತೋರಿಸಿ ಗೆದ್ದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು.

ಹಳಬರಲ್ಲಿ ಕೆಲವರು ನ್ಯಾಯಾಲಯಕ್ಕಿಂತ ದೊಡ್ಡ ಮನಸ್ಸು ತೋರಿಸಿದ್ದಾರೆ. ಸ್ಟ್ರೋಕ್ಸ್ ತಂಡದ 'ಲಾಸ್ಟ್ ನೈಟ್' ಹಾಡು ತಮ್ಮ 'ಅಮೆರಿಕನ್ ಗರ್ಲ್' ಹಾಡಿನಿಂದ ಬಂದದ್ದೆಂದು ತಿಳಿದಾಗ ಟಾಮ್ ಪೆಟ್ಟಿ ನಕ್ಕು ಸುಮ್ಮನಾದರು. ಸ್ಯಾಮ್ ಸ್ಮಿತ್ ಅವರ 'ಸ್ಟೇ ವಿತ್ ಮಿ' (2014) ತಮ್ಮ ಹಾಡಿಗೆ ಹತ್ತಿರವಾದಾಗ ಪಾಲು ಪಡೆದರು, ಆದರೆ ಇದು ಆಕಸ್ಮಿಕವೆಂದು ತಾವೇ ಹೇಳಿ ಕಿರಿಯನ ಮಾನ ಉಳಿಸಿದರು. 2021ರಲ್ಲಿ ಒಲಿವಿಯಾ ರೊಡ್ರಿಗೊ ಎಂಬ ಹದಿಹರೆಯದ ಗಾಯಕಿ ಎಲ್ವಿಸ್ ಕಾಸ್ಟೆಲೊ ಅವರ 'ಪಂಪ್ ಇಟ್ ಅಪ್' (1978) ಗಿಟಾರ್ ನಡೆಯನ್ನು ಎತ್ತಿಕೊಂಡಳೆಂದು ಅಭಿಮಾನಿಗಳು ದೂರಿದರು. ಕಾಸ್ಟೆಲೊ ತಮಗೇನೂ ಬೇಸರವಿಲ್ಲ ಎಂದರು. ತಾವು ಅದನ್ನು ಬಾಬ್ ಡಿಲನ್ನರ 1965ರ ಹಾಡೊಂದರಿಂದ ಪಡೆದದ್ದು, ಅದರ ಹಿಂದೆ ಇದ್ದದ್ದು ಚಕ್ ಬೆರಿಯ 1956ರ 'ಟೂ ಮಚ್ ಮಂಕಿ ಬಿಸಿನೆಸ್' ಎಂದು ವಂಶಾವಳಿಯನ್ನೂ ಕೊಟ್ಟರು.

ಇಂಥದೇ ಇನ್ನೊಂದು ವಂಶಾವಳಿಗೆ ನ್ಯಾಯ ಸಿಗಲು 22 ವರ್ಷ ಹಿಡಿಯಿತು. 1997ರಲ್ಲಿ ವರ್ವ್ ಎಂಬ ಇಂಗ್ಲಿಷ್ ತಂಡ 'ಬಿಟರ್ ಸ್ವೀಟ್ ಸಿಂಫನಿ' ಹಾಡಿಗೆ ರೋಲಿಂಗ್ ಸ್ಟೋನ್ಸ್ ತಂಡದ 'ದ ಲಾಸ್ಟ್ ಟೈಮ್' (1965) ಹಾಡಿನ ವಾದ್ಯವೃಂದ ರೂಪಾಂತರದ ಒಂದು ತುಣುಕನ್ನು ಬಳಸಿಕೊಂಡಿತು. ರೆಕಾರ್ಡ್ ಬಳಸಲು ಅನುಮತಿ ಪಡೆದಿತ್ತು, ಹಾಡಿನ ಹಕ್ಕಿನ ವಿಷಯದಲ್ಲಿ ಎಡವಿತು. ಆ ಹಕ್ಕು ಇದ್ದದ್ದು ಯಾರ ಬಳಿ? ಮತ್ತೆ ಅದೇ ಅಲೆನ್ ಕ್ಲೈನ್. ಪೂರ್ತಿ ಹಾಡು ಮಿಕ್ ಜ್ಯಾಗರ್, ಕೀತ್ ರಿಚರ್ಡ್ಸ್ ಹೆಸರಿಗೆ ಹೋಯಿತು. ಮಾತು ಬರೆದು ಹಾಡಿದ ರಿಚರ್ಡ್ ಆಶ್‌ಕ್ರಾಫ್ಟ್‌ಗೆ ಹಾಡಿನ ಗಳಿಕೆಯಲ್ಲಿ ಪಾಲಿಲ್ಲವಾಯಿತು. ಕ್ಲೈನ್ 2009ರಲ್ಲಿ ತೀರಿಕೊಂಡರು. 2019ರಲ್ಲಿ ಜ್ಯಾಗರ್ ಮತ್ತು ರಿಚರ್ಡ್ಸ್ ತಮ್ಮ ಹಕ್ಕನ್ನು ಆಶ್‌ಕ್ರಾಫ್ಟ್‌ಗೆ ಬಿಟ್ಟುಕೊಟ್ಟರು. ಆದರೆ 'ದ ಲಾಸ್ಟ್ ಟೈಮ್' ತಾನೇ ಸ್ಟೇಪಲ್ ಸಿಂಗರ್ಸ್ ಎಂಬ ಕಪ್ಪು ಕುಟುಂಬ ಹಾಡುತ್ತಿದ್ದ ಪ್ರಾರ್ಥನಾಗೀತೆಯ ಪಲ್ಲವಿಯಿಂದ ಹುಟ್ಟಿದ್ದು. ರಿಚರ್ಡ್ಸ್ ಅದನ್ನು ಒಪ್ಪಿಕೊಂಡಿದ್ದಾರೆ. ಹಾಡಿನ ಕರ್ತೃಗಳ ಜಾಗದಲ್ಲಿ ಇಂದಿಗೂ ಇರುವುದು ಜ್ಯಾಗರ್, ರಿಚರ್ಡ್ಸ್ ಎಂಬ ಎರಡೇ ಹೆಸರು. ಜನ ಗುನುಗುವ ಆ ಪಿಟೀಲಿನ ಸಾಲನ್ನು 1965ರ ವಾದ್ಯವೃಂದಕ್ಕಾಗಿ ಹೊಂದಿಸಿದವರು ಡೇವಿಡ್ ವಿಟಕರ್. 2012ರಲ್ಲಿ ತೀರಿಕೊಂಡ ಅವರ ಹೆಸರು 'ಬಿಟರ್ ಸ್ವೀಟ್ ಸಿಂಫನಿ'ಯ ಕರ್ತೃಗಳ ಸಾಲಿಗೆ ಸೇರಲೇ ಇಲ್ಲ.